ಸಹಾಯ ಬೇಕು: ಲೈನ್‌ಮನ್ ತರಬೇತಿಯಲ್ಲಿ ಕಂಬದ ಭಯ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಲೈನ್‌ಮನ್ ತರಬೇತಿಗೆ ಸೇರಿದ್ದಾನೆ. ಪಾಠ ಚೆನ್ನಾಗಿ ಹಿಡಿದಿದ್ದಾನೆ. ಲೈನ್ ಆಫ್ ಮಾಡಿದರೂ ಯಾರದೋ ಜನರೇಟರ್‌ನಿಂದ ಕರೆಂಟ್ ವಾಪಸ್ ಬರಬಹುದು, ಅದಕ್ಕೇ ಮೊದಲು ಟೆಸ್ಟ್ ಮಾಡಿ ಆಮೇಲೆ ಅರ್ಥಿಂಗ್ (ಲೈನನ್ನು ತಂತಿಯಿಂದ ನೆಲಕ್ಕೆ ಜೋಡಿಸುವುದು) ಹಾಕಬೇಕು ಅಂತ ನನಗೇ ಹೇಳಿಕೊಡುತ್ತಾನೆ. ರಬ್ಬರ್ ಗ್ಲೌಸ್‌ನ ಬಾಯಿ ಸುತ್ತಿ, ಒಳಗೆ ಗಾಳಿ ತುಂಬಿಸಿ, ತೂತು ಇದೆಯಾ ಅಂತ ಕಿವಿ ಹತ್ತಿರ ಹಿಡಿದು ನೋಡುತ್ತಾನೆ.

ತೊಂದರೆ ಇರುವುದು ಕಂಬದ ಮೇಲೆ. ಹತ್ತುತ್ತಾನೆ. ಆದರೆ ಸೊಂಟವನ್ನು ಕಂಬಕ್ಕೆ ಕಟ್ಟುವ ಸೇಫ್ಟಿ ಬೆಲ್ಟಿಗೆ ಭಾರ ಬಿಟ್ಟು ಎರಡೂ ಕೈ ತೆಗೆಯಬೇಕಲ್ವಾ, ಆಗ ಕಾಲು ನಡುಗುತ್ತದೆ.

ಈ ಕೆಲಸದಲ್ಲಿರುವ ಅಣ್ಣಂದಿರೇ, ನಿಮಗೆ ಬೆಲ್ಟಿನ ಮೇಲೆ ನಂಬಿಕೆ ಹೇಗೆ ಬಂತು? ಕಂಬದಲ್ಲಿ ಸ್ವಲ್ಪವೇ ಎತ್ತರದಲ್ಲಿ ನಿಂತು ಅಭ್ಯಾಸ ಮಾಡಿದರೆ ಸಾಕಾ? ಸುಮ್ನೆ ಧೈರ್ಯ ತಗೋ ಅನ್ನುವುದು ಬೇಡ, ಮಾಡಬೇಕಾದ್ದು ಹೇಳಿ. ಅವನಿಗೆ ಈ ಕೆಲಸದ ಮೇಲೆ ತುಂಬಾ ಆಸೆ.