ಅಲಾಸ್ಕಾ ಕ್ರೂಸ್: ಕೊನೆಯ ಬಂದರಿಗೆ ಮುನ್ನವೇ ಹಡಗಿನಿಂದ ಇಳಿದುಹೋಗಬಹುದೇ?

ಕಡಲಂಚು (ಪ್ರಶ್ನೆ)

ನಮಸ್ಕಾರ. ಸಿಯಾಟಲ್‌ನಿಂದ ಹೊರಟು ಮತ್ತೆ ಸಿಯಾಟಲ್‌ಗೇ ಮರಳುವ ಏಳು ರಾತ್ರಿಗಳ ಅಲಾಸ್ಕಾ ಕ್ರೂಸ್‌ಗೆ ನಾನು ಮತ್ತು ನನ್ನ ಪತಿ ಟಿಕೆಟ್ ಕಾಯ್ದಿರಿಸಿದ್ದೇವೆ. ಹಡಗು ಜೂನೋ, ಸ್ಕ್ಯಾಗ್ವೇ, ಗ್ಲೇಸಿಯರ್ ಬೇ, ಕೆಚಿಕನ್‌ಗಳನ್ನು ಮುಗಿಸಿಕೊಂಡು, ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು, ಮರುದಿನ ಬೆಳಿಗ್ಗೆ ಸಿಯಾಟಲ್ ತಲುಪುತ್ತದೆ. ಟಿಕೆಟ್ ಆದ ಮೇಲೆ ತಿಳಿದ ವಿಷಯವೆಂದರೆ, ಹಡಗು ಸಿಯಾಟಲ್ ಸೇರುವ ದಿನವೇ ಮಧ್ಯಾಹ್ನ 12 ಗಂಟೆಗೆ ವ್ಯಾಂಕೂವರ್‌ನಲ್ಲಿ ನನ್ನ ತಂಗಿಯ ಪದವಿ ಪ್ರದಾನ ಸಮಾರಂಭವಿದೆ. ಹಡಗಿನಿಂದ ಇಳಿದು, ಗಡಿ ದಾಟಿ, ಅಷ್ಟು ಹೊತ್ತಿಗೆ ಅಲ್ಲಿರುವುದು ಅಸಾಧ್ಯವಲ್ಲದಿದ್ದರೂ ನಂಬಿಕೊಂಡು ಕೂರುವಂಥದ್ದಲ್ಲ.

ಆದ್ದರಿಂದ ಕೆಚಿಕನ್‌ನಲ್ಲೇ ಇಳಿದು ಅಲ್ಲಿಂದ ವಿಮಾನ ಹಿಡಿಯೋಣವೆಂದು ಯೋಚಿಸಿದ್ದೇನೆ. ಹಾಗೆ ಮಾಡಿದರೆ ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಪೂರ್ತಿ ಹಣ ಕೊಟ್ಟಿರುವಾಗ ನಮಗೆ ಬೇಕಾದ ಕಡೆ ಇಳಿಯುವುದಕ್ಕೆ ಯಾರ ಅಡ್ಡಿಯಿರುತ್ತದೆ ಎಂದುಕೊಂಡಿದ್ದೆ. ಆದರೆ ಸಂಸ್ಥೆಯ ಸಹಾಯವಾಣಿಯಲ್ಲಿ ಮಾತನಾಡಿದವರು "ಕೆಚಿಕನ್‌ನಲ್ಲಿ ಆಗುವುದಿಲ್ಲ" ಎಂದಷ್ಟೇ ಹೇಳಿ, ಕಾರಣ ವಿವರಿಸದೆ ಮಾತು ಮುಗಿಸಿದರು. ಇದು ಸಂಸ್ಥೆಯ ಸ್ವಂತ ನಿಯಮವೋ, ಕಾನೂನೋ? ಬಳಸದ ರಾತ್ರಿಗಳ ಹಣ ಮರಳಿ ಬರುತ್ತದೆಯೇ? ಸೂಟ್‌ಕೇಸುಗಳ ವ್ಯವಸ್ಥೆ ಹೇಗೆ? ತಿಳಿದವರು ದಯವಿಟ್ಟು ಬರೆಯಬೇಕು.

ಲಂಗರು

ಅದು ಕಾನೂನು, ಅದೂ ಬಹಳ ಹಳೆಯದು. ಅಮೆರಿಕದಲ್ಲಿ 1886ರಲ್ಲಿ ಬಂದ ಪ್ಯಾಸೆಂಜರ್ ವೆಸಲ್ ಸರ್ವಿಸಸ್ ಆಕ್ಟ್ ಪ್ರಕಾರ, ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡ ಪ್ರಯಾಣಿಕರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸಿ ಹೋಗುವಂತಿಲ್ಲ. ದೇಶದೊಳಗಿನ ಜಲಸಾರಿಗೆ ದೇಶದ ಹಡಗುಗಳಿಗೇ ಉಳಿಯಲಿ ಎಂಬುದು ಇದರ ಉದ್ದೇಶವಾಗಿತ್ತು. ಇಂದು ಅಲ್ಲಿಂದ ಹೊರಡುವ ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಪನಾಮಾ, ಮಾಲ್ಟಾ, ಬರ್ಮುಡಾಗಳಂಥ ಕಡೆಗಳಲ್ಲಿ ನೋಂದಣಿಯಾದವು. ಅಮೆರಿಕದ ಧ್ವಜ ಹಾರಿಸುವ ದೊಡ್ಡ ಹಡಗೆಂದರೆ ಹವಾಯಿ ದ್ವೀಪಗಳ ನಡುವೆ ಓಡಾಡುವ ಪ್ರೈಡ್ ಆಫ್ ಅಮೆರಿಕ ಒಂದೇ. ಹೀಗಾಗಿ ಯಾವ ಹಡಗುಗಳನ್ನು ಕಾಪಾಡಲು ಕಾನೂನು ಬಂತೋ ಅವೇ ಈಗ ಹೆಚ್ಚುಕಡಿಮೆ ಇಲ್ಲದಿದ್ದರೂ, ಕಾನೂನು ಮಾತ್ರ ಜಾರಿಯಲ್ಲಿದೆ.

ತಮ್ಮ ವಿಷಯಕ್ಕೆ ಬರೋಣ. ತಾವು ಹತ್ತುವುದು ಸಿಯಾಟಲ್‌ನಲ್ಲಿ, ಇಳಿಯಬೇಕೆಂದಿರುವುದು ಕೆಚಿಕನ್‌ನಲ್ಲಿ. ಎರಡೂ ಅಮೆರಿಕದವು, ಎರಡೂ ಬೇರೆ ಬೇರೆ. ಅಲ್ಲಿಗೆ ಉಲ್ಲಂಘನೆಯಾಯಿತು. ಜೂನೋ, ಸ್ಕ್ಯಾಗ್ವೇಗಳಿಗೂ ಇದೇ ಮಾತು. ಕಾನೂನು ನೋಡುವುದು ಪ್ರಯಾಣಿಕರು ಎಲ್ಲಿ ಹತ್ತಿದರು, ಎಲ್ಲಿ ಶಾಶ್ವತವಾಗಿ ಇಳಿದರು, ನಡುವೆ ಯಾವ ವಿದೇಶಿ ಬಂದರು ಬಂತು ಎಂಬುದನ್ನೇ ಹೊರತು, ಎಷ್ಟು ದಿನ ಉಳಿದಿದೆ ಎಂಬುದನ್ನಲ್ಲ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವವರಿಗೆ ನಡುವೆ ಯಾವುದಾದರೂ ಒಂದು ವಿದೇಶಿ ಬಂದರು ಬಂದರೆ ಸಾಕು. ಕೊನೆಯ ಸಂಜೆ ಅಷ್ಟು ಅವಸರದಲ್ಲಿ ಹಡಗು ವಿಕ್ಟೋರಿಯಾಕ್ಕೆ ಹೋಗಿಬರುವುದೂ ಮುಖ್ಯವಾಗಿ ಈ ಕಾರಣಕ್ಕೇ. ಆದರೆ ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವವರ ಯಾತ್ರೆಯಲ್ಲಿ "ದೂರದ ವಿದೇಶಿ ಬಂದರು" ಇರಲೇಬೇಕು. ಕೆನಡಾ, ಮೆಕ್ಸಿಕೊ, ಮಧ್ಯ ಅಮೆರಿಕ, ಬರ್ಮುಡಾ ಮತ್ತು ಕೆರಿಬಿಯನ್‌ನ ಬಹುಪಾಲು ದ್ವೀಪಗಳು ಈ ಲೆಕ್ಕದಲ್ಲಿ ದೂರದವಲ್ಲ. ಆ ದ್ವೀಪಗಳ ಪೈಕಿ ಅರೂಬಾ, ಬೊನೇರ್, ಕ್ಯುರಸಾವ್ ಮಾತ್ರ ದೂರದವು; ದಕ್ಷಿಣ ಅಮೆರಿಕವೂ ದೂರದ್ದೇ! ಮಿಯಾಮಿಯಿಂದ ಪನಾಮಾ ಕಾಲುವೆ ದಾಟಿ ಲಾಸ್ ಏಂಜಲೀಸ್‌ಗೆ ಹೋಗುವ ಹಡಗುಗಳು ಈ ಮೂರು ದ್ವೀಪಗಳಲ್ಲೋ, ದಕ್ಷಿಣ ಅಮೆರಿಕದ ಕಾರ್ಟಹೇನಾದಲ್ಲೋ ನಿಲ್ಲುವುದರ ಗುಟ್ಟು ಇದು.

ದಂಡ ಬೀಳುವುದು ಹಡಗಿನ ಮೇಲೆ, ತಲೆಗೆ ಇಷ್ಟೆಂದು. 1898ರಲ್ಲಿ ಅದನ್ನು 200 ಡಾಲರ್‌ಗೆ ಏರಿಸಿದ್ದರು. ಹಣದುಬ್ಬರಕ್ಕೆ ತಕ್ಕಂತೆ ಪರಿಷ್ಕರಣೆಯಾಗುತ್ತಾ ಈಗ 900 ಡಾಲರ್ ದಾಟಿದೆ. ಆ ಮೊತ್ತವನ್ನು ಕಾರಣರಾದ ಪ್ರಯಾಣಿಕರಿಂದ ವಸೂಲಿ ಮಾಡುವ ಹಕ್ಕನ್ನು ಸಂಸ್ಥೆಗಳು ಟಿಕೆಟ್ಟಿನ ಕರಾರಿನಲ್ಲೇ ಬರೆದುಕೊಂಡಿರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಒಳ್ಳೆಯ ಸುದ್ದಿ: ವಿಕ್ಟೋರಿಯಾದಲ್ಲಿ ಇಳಿಯುವುದಕ್ಕೆ ಈ ಕಾನೂನಿನ ಅಡ್ಡಿಯಿಲ್ಲ. ಸಿಯಾಟಲ್‌ನಿಂದ ಕೆನಡಾಕ್ಕೆ ಹೋದಂತಾಯಿತೇ ವಿನಾ ಅಮೆರಿಕದೊಳಗಿನ ಸಾಗಣೆಯಾಗಲಿಲ್ಲ. ತಮ್ಮ ಸಮಾರಂಭವೂ ಕೆನಡಾದಲ್ಲೇ ಇರುವಾಗ ಕೆಚಿಕನ್ ಆಸೆ ಬಿಟ್ಟು ವಿಕ್ಟೋರಿಯಾದ ಬಗ್ಗೆ ಕೇಳಿರಿ.

ಹಾಯಿಪಟ

ಇಷ್ಟು ದೊಡ್ಡ ವಿಚಾರಣೆ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಬಂದರಿನಲ್ಲಿ ಸಾವಿರಾರು ಜನ ಊರು ನೋಡಲು ಇಳಿಯುತ್ತಾರೆ. ಒಂದು ಬೆನ್ನುಚೀಲ ಹಾಕಿಕೊಂಡು ಅವರೊಡನೆ ಇಳಿದುಹೋದರೆ ಯಾರು ಕೇಳುತ್ತಾರೆ? ಟಿಕೆಟ್ ನಿಮ್ಮದು, ಕಾಲೂ ನಿಮ್ಮದು.

ದೀಪಸ್ತಂಭ

ಕ್ರೂಸ್ ಹಡಗುಗಳ ಅತಿಥಿ ಸೇವಾ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಹಾಯಿಪಟ ಅವರ ಸಲಹೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹಾಗೆ ನಂಬುವವರು ಬಹಳ ಮಂದಿ. ಹಡಗಿನಿಂದ ಇಳಿಯುವಾಗ ಗ್ಯಾಂಗ್‌ವೇಯ (ಹಡಗಿನಿಂದ ದಡಕ್ಕೆ ಹಾಕುವ ಕಾಲುಸೇತುವೆ) ಬಳಿ ಹಡಗಿನವರು ಕೊಟ್ಟ ನಿಮ್ಮ ಕಾರ್ಡನ್ನು ಯಂತ್ರಕ್ಕೆ ತೋರಿಸುತ್ತೀರಿ. ಯಂತ್ರ ಸದ್ದು ಮಾಡುತ್ತದೆ, ಭದ್ರತಾ ಸಿಬ್ಬಂದಿಯ ಪರದೆಯ ಮೇಲೆ ನಿಮ್ಮ ಭಾವಚಿತ್ರ ಮೂಡುತ್ತದೆ, ಆ ಕ್ಷಣದಿಂದ ನೀವು ದಡದಲ್ಲಿರುವವರ ಪಟ್ಟಿಗೆ ಸೇರುತ್ತೀರಿ. "ಎಲ್ಲರೂ ಹಡಗಿಗೆ" ಎಂದು ಘೋಷಿಸಿದ ಸಮಯ ದಾಟಿದ ಕೂಡಲೇ ಆ ಪಟ್ಟಿಯಲ್ಲಿ ಉಳಿದವರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ಕ್ಯಾಬಿನ್ನಿಗೆ ಕರೆ ಹೋಗುತ್ತದೆ, ಬಾಗಿಲು ತೆರೆದು ನೋಡುತ್ತಾರೆ, ಸೇಫ್‌ನಲ್ಲಿ ಪಾಸ್‌ಪೋರ್ಟ್ ಸಿಕ್ಕಿದರೆ ಅದನ್ನು ಬಂದರಿನ ಏಜೆಂಟರ (ಆ ಊರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಪ್ರತಿನಿಧಿ) ಕೈಗೆ ಒಪ್ಪಿಸಿ ಹೋಗುವ ರೂಢಿಯಿದೆ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವ್ ಟೊಮೆ ದ್ವೀಪದಲ್ಲಿ ಎಂಟು ಮಂದಿ ಹಿಂದುಳಿದ ಸಂಗತಿ ಸುದ್ದಿಯಾಯಿತಲ್ಲ, ಅವರ ಪಾಸ್‌ಪೋರ್ಟ್‌ಗಳೂ ಹಾಗೆಯೇ ಏಜೆಂಟರ ಮೂಲಕ ದಡ ಸೇರಿದ್ದವು.

ಹಡಗಿನ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂಬುದು ಮೊದಲಿಗೆ ಜೀವರಕ್ಷಣೆಯ ಲೆಕ್ಕ, ಆಮೇಲೆ ವಲಸೆ ಇಲಾಖೆಯ ಲೆಕ್ಕ. ಹೇಳದೆ ಹೋದವರನ್ನು ಹುಡುಕುವವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ "ಇವರು ನೀರಿಗೆ ಬಿದ್ದರೇ" ಎಂಬುದು. ಅದಲ್ಲದೆ ವಿದೇಶಿ ಬಂದರಿನಲ್ಲಿ ಊರು ನೋಡಿ ಮರಳುವ ಪ್ರಯಾಣಿಕರೆಂದು ನಿಮ್ಮನ್ನು ಒಳಬಿಟ್ಟಿರುತ್ತಾರೆ. ಅಲ್ಲೇ ಉಳಿದುಕೊಂಡರೆ ಆ ದೇಶವನ್ನು ಪ್ರವೇಶಿಸಿದ ಸರಿಯಾದ ದಾಖಲೆಯೇ ಇಲ್ಲವಾಗಬಹುದು. ಅದರ ಬಿಸಿ ತಟ್ಟುವುದು ವಿಮಾನ ನಿಲ್ದಾಣದಲ್ಲಿ ಹೊರಡುವಾಗ.

ಸರಿಯಾದ ಕ್ರಮ ಹೀಗಿದೆ. ಹೊರಡುವುದಕ್ಕೆ ಕೆಲವು ವಾರ ಮುಂಚೆಯೇ ಸಂಸ್ಥೆಗೆ, ಏಜೆಂಟರ ಮೂಲಕ ಟಿಕೆಟ್ ಮಾಡಿಸಿದ್ದರೆ ಏಜೆಂಟರಿಗೆ, ಬರಹದಲ್ಲಿ ಕೋರಿಕೆ ಸಲ್ಲಿಸಬೇಕು: ಬುಕಿಂಗ್ ಸಂಖ್ಯೆ, ಇಳಿಯುವ ಬಂದರು, ದಿನಾಂಕ, ಕಾರಣ, ಮುಂದಿನ ಪ್ರಯಾಣದ ವಿವರ. ಅದು ಸಂಸ್ಥೆಯಲ್ಲಿ ಕಾನೂನು ಪಾಲನೆ ನೋಡಿಕೊಳ್ಳುವವರ ಬಳಿಗೆ ಹೋಗುತ್ತದೆ. ಅವರು ಬಂದರಿನ ಏಜೆಂಟರನ್ನೂ ವಲಸೆ ಅಧಿಕಾರಿಗಳನ್ನೂ ಕೇಳಿ ಉತ್ತರಿಸುತ್ತಾರೆ. ಸಹಾಯವಾಣಿಯಲ್ಲಿ ಫೋನ್ ಎತ್ತಿದವರ "ಆಗುತ್ತದೆ" ಎಂಬ ಮಾತನ್ನು ನಂಬಬೇಡಿರಿ. ಬಂದ ಅನುಮತಿ ಪತ್ರದ ಪ್ರತಿಯನ್ನು ಜೊತೆಗಿಟ್ಟುಕೊಂಡು, ಹಡಗು ಹತ್ತಿದ ದಿನವೇ ಅತಿಥಿ ಸೇವಾ ಕೌಂಟರ್‌ನಲ್ಲಿ ತೋರಿಸಿರಿ.

ಸೂಟ್‌ಕೇಸುಗಳನ್ನು ರಾತ್ರಿ ಬಾಗಿಲ ಹೊರಗಿಟ್ಟರೆ ಬೆಳಿಗ್ಗೆ ದಡದಲ್ಲಿ ಸಿಗುವ ವ್ಯವಸ್ಥೆ ಕೊನೆಯ ಬಂದರಿಗೆ ಮಾತ್ರ. ನಡುವೆ ಇಳಿಯುವವರು ತಮ್ಮ ಗಂಟುಮೂಟೆಯನ್ನು ತಾವೇ ಎಳೆದುಕೊಂಡು ಕಸ್ಟಮ್ಸ್ ದಾಟಬೇಕು. ಹಡಗಿನ ಲೆಕ್ಕ ಮುನ್ನಾದಿನವೇ ಚುಕ್ತಾ ಮಾಡಿ, ದಿನದ ಲೆಕ್ಕದಲ್ಲಿ ಸೇರುವ ಟಿಪ್ಸ್ ಯಾವ ದಿನದವರೆಗೆ ಎಂದು ಕೇಳಿಕೊಳ್ಳಿರಿ. ಹಡಗಿನ ಅಂಗಡಿಯಲ್ಲಿ ಸುಂಕರಹಿತ ಮದ್ಯ ಕೊಂಡಿದ್ದರೆ ಅದನ್ನು ಕೊನೆಯ ರಾತ್ರಿಯವರೆಗೆ ಅವರೇ ಇಟ್ಟುಕೊಂಡಿರುತ್ತಾರೆ. ಮೊದಲೇ ಹೇಳದಿದ್ದರೆ ಬಾಟಲಿ ಸಿಯಾಟಲ್‌ಗೆ ಹೋಗುತ್ತದೆ, ನೀವು ವಿಕ್ಟೋರಿಯಾದಲ್ಲಿರುತ್ತೀರಿ. ಬಳಸದ ರಾತ್ರಿಗಳ ಹಣ? ಸಾಮಾನ್ಯವಾಗಿ ಬರುವುದಿಲ್ಲ. ಸ್ವಂತ ಇಚ್ಛೆಯಿಂದ ಇಳಿದವರಿಗೆ ಪ್ರಯಾಣ ವಿಮೆಯೂ ಕೊಡುವುದಿಲ್ಲ. ವೈದ್ಯಕೀಯ ತುರ್ತಿನಲ್ಲಿ ಇಳಿಸಬೇಕಾಗಿ ಬಂದವರ ದಾರಿಯೇ ಬೇರೆ. ಅಂಥವರ ವಿಷಯದಲ್ಲಿ ದಂಡ ಮನ್ನಾ ಮಾಡಲು ಅಥವಾ ತಗ್ಗಿಸಲು ಅಧಿಕಾರಿಗಳಿಗೆ ಅವಕಾಶವಿದೆ.

ತೀರಯಾನಿ

ಮೆಡಿಟರೇನಿಯನ್‌ಗೆ ಹೋಗುವವರೂ ಇದನ್ನು ಓದಬಹುದೆಂದು ಒಂದೆರಡು ಮಾತು ಸೇರಿಸುತ್ತೇನೆ. ಅಲ್ಲಿ ಹಲವು ಹಡಗುಗಳು ಒಂದೇ ಸುತ್ತಿನಲ್ಲಿ ಬಾರ್ಸಿಲೋನಾ, ಮಾರ್ಸೇ, ಜಿನೋವಾಗಳಂಥ ಬೇರೆ ಬೇರೆ ಬಂದರುಗಳಲ್ಲಿ ಪ್ರಯಾಣಿಕರನ್ನು ಹತ್ತಿಸಿ ಇಳಿಸುವುದರಿಂದ, ನಡುವೆ ಇಳಿಯುವ ಕೋರಿಕೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅಲ್ಲಿನ ತೊಡಕು ಷೆಂಗೆನ್ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಕೂಟ) ಗಡಿಯದು. ಬಾರ್ಸಿಲೋನಾದಿಂದ ನೇಪಲ್ಸ್‌ವರೆಗೆ ಷೆಂಗೆನ್ ಒಳಗೇ ಸಾಗಿದ್ದರೆ ನೇಪಲ್ಸ್‌ನಲ್ಲಿ ಇಳಿಯುವುದು ಸುಲಭ. ಆದರೆ ಹಡಗು ನಡುವೆ ಮಾಂಟೆನೆಗ್ರೊದ ಕೊಟೋರ್‌ಗೋ, ತುರ್ಕಿಯ ಕುಶಾದಸಿಗೋ ಹೋಗಿ ಬಂದಿದ್ದರೆ ಷೆಂಗೆನ್ ಅನ್ನು ಬಿಟ್ಟು ಮತ್ತೆ ಪ್ರವೇಶಿಸಿದಂತಾಗುತ್ತದೆ, ಒಂದೇ ಪ್ರವೇಶದ ವೀಸಾ ಹೊಂದಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. (ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗಿದೆ, ಹಳೆಯ ಮಾಹಿತಿ ನೋಡಿ ಮೋಸಹೋಗಬೇಡಿರಿ.) ಕೆಲವು ಹಡಗುಗಳಲ್ಲಿ ಪ್ರಯಾಣದುದ್ದಕ್ಕೂ ಪಾಸ್‌ಪೋರ್ಟ್ ಅವರ ಬಳಿಯೇ ಇರುತ್ತದೆ, ಹಿಂದಿನ ದಿನವೇ ಕೇಳಿ ಪಡೆಯಬೇಕು.

ಬಂದರಿನ ಸ್ವರೂಪವನ್ನೂ ನೋಡಿಕೊಳ್ಳಬೇಕು. ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದಡಕ್ಕೆ ಹತ್ತುವುದಿಲ್ಲ, ನೀರಿನಲ್ಲೇ ನಿಂತು ಪುಟ್ಟ ದೋಣಿಗಳಲ್ಲಿ ಜನರನ್ನು ಕಳುಹಿಸುತ್ತದೆ. ದೋಣಿ ಅಲೆಗೆ ಏರಿಳಿಯುತ್ತಿರುವಾಗ ಎರಡು ದೊಡ್ಡ ಸೂಟ್‌ಕೇಸುಗಳನ್ನು ಅದಕ್ಕೆ ದಾಟಿಸುವುದನ್ನು ಒಮ್ಮೆ ಊಹಿಸಿಕೊಳ್ಳಿರಿ. ಸಂಸ್ಥೆಗಳು ಅಂಥ ಕಡೆ ಒಪ್ಪದಿರುವುದು ಹಟಮಾರಿತನವಲ್ಲ.

ಕಡಲಂಚು

ಎಲ್ಲರಿಗೂ ಧನ್ಯವಾದಗಳು. ಸಹಾಯವಾಣಿಯವರು ಹೇಳದಿದ್ದ ಕಾರಣ ಈಗ ಸ್ಪಷ್ಟವಾಯಿತು. ವಿಕ್ಟೋರಿಯಾದಲ್ಲಿ ಇಳಿಯಲು ಬರಹದಲ್ಲಿ ಕೋರಿಕೆ ಕಳುಹಿಸಿದ್ದೇನೆ. ಇನ್ನು ಎರಡು ಸಂದೇಹಗಳಿವೆ. ಹವಾಮಾನ ಕೆಟ್ಟು ಹಡಗು ವಿಕ್ಟೋರಿಯಾಕ್ಕೆ ಹೋಗದಿದ್ದರೆ ಏನು ಮಾಡುವುದು? ನಾನೊಬ್ಬಳೇ ಇಳಿದು, ಪತಿ ಸೂಟ್‌ಕೇಸುಗಳೊಡನೆ ಸಿಯಾಟಲ್‌ವರೆಗೆ ಹೋಗುವುದು ಸಾಧ್ಯವೇ?

ಲಂಗರು

ಯಾವುದೇ ಬಂದರನ್ನು ಬಿಡುವ ಅಧಿಕಾರ ಕ್ಯಾಪ್ಟನ್‌ಗಿದೆ. ತಡವಾಗಿ ತಲುಪುವುದಂತೂ ಅಪರೂಪವಲ್ಲ. ಹಾಗಾಗಿ ಅದೇ ರಾತ್ರಿಗೆ ಮುಂದಿನ ಪ್ರಯಾಣ ಇಟ್ಟುಕೊಳ್ಳದೆ, ವಿಕ್ಟೋರಿಯಾದಲ್ಲಿ ರಾತ್ರಿ ಕಳೆದು ಬೆಳಗಿನ ಮೊದಲ ಫೆರ್ರಿ ಹಿಡಿಯುವುದು ಲೇಸು. ಫೆರ್ರಿ ಹೊರಡುವ ಸ್ವಾರ್ಟ್ಜ್ ಬೇ ಊರಿನಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ, ಅಲ್ಲಿಂದ ವ್ಯಾಂಕೂವರ್ ಕಡೆಯ ದಡದ ಟ್ಸವಾಸನ್‌ಗೆ ಒಂದು ಗಂಟೆ ಮೂವತ್ತೈದು ನಿಮಿಷದ ದಾರಿ, ಆಮೇಲೆ ವ್ಯಾಂಕೂವರ್ ನಗರಕ್ಕೆ ರಸ್ತೆ ಪ್ರಯಾಣ. 12 ಗಂಟೆಯೊಳಗೆ ನೆಮ್ಮದಿಯಾಗಿ ತಲುಪಬಹುದು. ವಿಕ್ಟೋರಿಯಾ ತಪ್ಪಿಯೇಹೋದರೆ ಸಿಯಾಟಲ್‌ನಿಂದ ರಸ್ತೆಯಲ್ಲಿ ಸುಮಾರು 230 ಕಿ.ಮೀ.; ಸೂಟ್‌ಕೇಸು ತಾವೇ ಹಿಡಿದು ಇಳಿಯುವವರ ಮೊದಲ ತಂಡಕ್ಕೆ ಹೆಸರು ಕೊಟ್ಟಿದ್ದರೆ ಆಸೆ ಇಟ್ಟುಕೊಳ್ಳಬಹುದು, ಗಡಿಯ ಸಾಲು ಮಾತ್ರ ಯಾರ ಕೈಯಲ್ಲೂ ಇಲ್ಲ. ರದ್ದು ಮಾಡಬಹುದಾದ ಕೋಣೆಯನ್ನಷ್ಟೇ ಕಾಯ್ದಿರಿಸಿರಿ.

ಒಂದು ಎಚ್ಚರಿಕೆ: ಕೆನಡಾಕ್ಕೆ ವೀಸಾ ಬೇಕಾದ ಪಾಸ್‌ಪೋರ್ಟ್ ತಮ್ಮದಾಗಿದ್ದರೆ ಆ ವೀಸಾ ಕೈಯಲ್ಲಿರಬೇಕು. ಅಮೆರಿಕಕ್ಕೆ ಮರಳಬೇಕಾಗಿದ್ದರೆ ಅಲ್ಲಿನ ವೀಸಾ ಹಲವು ಪ್ರವೇಶಗಳದ್ದೇ ಎಂಬುದನ್ನೂ ನೋಡಿಕೊಳ್ಳಿರಿ.

ದೀಪಸ್ತಂಭ

ಒಬ್ಬರೇ ಇಳಿಯುವುದು ಸಾಧ್ಯ. ಪ್ರಯಾಣಿಕರ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರೂ ಬೇರೆಯೇ ಇರುವುದರಿಂದ ಅನುಮತಿ ನಿಮ್ಮ ಹೆಸರಿಗೆ ಮಾತ್ರ ಬಂದರೆ ಸಾಕು, ಕ್ಯಾಬಿನ್ ನಿಮ್ಮ ಪತಿಯ ಬಳಿಯೇ ಉಳಿಯುತ್ತದೆ. ಹಡಗಿನ ಲೆಕ್ಕ ನಿಮ್ಮ ಕ್ರೆಡಿಟ್ ಕಾರ್ಡಿಗೆ ಜೋಡಿಸಿದ್ದರೆ ಅದನ್ನು ಇಳಿಯುವ ಮುನ್ನ ಅವರ ಕಾರ್ಡಿಗೆ ವರ್ಗಾಯಿಸಿರಿ. ಸಮಾರಂಭದ ಉಡುಪನ್ನು ದೊಡ್ಡ ಸೂಟ್‌ಕೇಸಿನಲ್ಲಿ ಬಿಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿರಿ. ಗ್ಯಾಂಗ್‌ವೇಯಲ್ಲಿ ಕಾರ್ಡ್ ತೋರಿಸುವಾಗ "ಅಂತಿಮವಾಗಿ ಇಳಿಯುತ್ತಿದ್ದೇನೆ" ಎಂದು ಬಾಯಿಬಿಟ್ಟು ಹೇಳಿ, ಅವರು ಪರದೆಯಲ್ಲಿ ಹಾಗೆಂದು ನಮೂದಿಸುವವರೆಗೆ ಅಲ್ಲೇ ನಿಲ್ಲಿರಿ. ಅನುಮತಿ ಇದ್ದರೂ ನಮೂದಾಗದೆ ಹೋದರೆ, ರಾತ್ರಿ ಹಡಗು ಹೊರಡುವ ಹೊತ್ತಿಗೆ ನಿಮ್ಮ ಹೆಸರನ್ನು ಕೂಗುತ್ತಿರುತ್ತಾರೆ, ನಿಮ್ಮ ಪತಿ ಎಲ್ಲರಿಗೂ ಉತ್ತರ ಹೇಳುತ್ತಿರಬೇಕಾಗುತ್ತದೆ.