ಪೂರಿ ಎಣ್ಣೆ ಕುಡಿಯುತ್ತದೆ, ಎಂಜಿನ್ ಆಯಿಲ್ ತಿನ್ನುತ್ತದೆ: ಏಕೆ?

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ 1998ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಇರುವ, 796 ಸಿಸಿಯ ಮೂರು ಸಿಲಿಂಡರಿನ ಗಾಡಿ. ಉಡುಪಿಯಿಂದ ತೀರ್ಥಹಳ್ಳಿಯ ತವರಿಗೆ ಆಗುಂಬೆ ಘಾಟಿ ಹತ್ತಿ ಹೋಗುವುದು ಇಂದಿಗೂ ಅದರಲ್ಲೇ. ಕಳೆದ ಸಲ ಘಾಟಿಯ ಅರ್ಧಕ್ಕೆ ಬರುವಾಗ ಎಳೆತ ಕುಗ್ಗಿ, ಎಂಜಿನ್ ಬಿಟ್ಟು ಬಿಟ್ಟು ಓಡುವ ‘ಮಿಸ್ಸಿಂಗ್’ ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುವುದನ್ನು ಅದಕ್ಕೂ ಮೊದಲೇ ನೋಡಿದ್ದೆ. ಗ್ಯಾರೇಜಿನಲ್ಲಿ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದ ಮೆಕ್ಯಾನಿಕ್, “ಟೀಚರ್, ಗಾಡಿ ಆಯಿಲ್ ತಿನ್ನುತ್ತಿದೆ” ಎಂದರು. “ಎಷ್ಟು ಕುಡಿದಿರಬಹುದು?” ಎಂದು ನಾನು ಕೇಳಿದೆ. ಅವರು ಕೂಡಲೇ ತಿದ್ದಿದರು: “ಕುಡಿಯುವುದು ಪೆಟ್ರೋಲ್. ಆಯಿಲ್ ತಿನ್ನುವುದು.”

ಆ ತಿದ್ದುಪಡಿ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆಯಿಲ್ ದ್ರವ ಪದಾರ್ಥ, ಆದ್ದರಿಂದ ಕುಡಿಯಬೇಕು ಎನ್ನುವ ವಾದ ನಿಲ್ಲುವುದಿಲ್ಲ, ಸರಿ. ಆದರೆ ಅಡುಗೆಮನೆಯಲ್ಲಿ ಪೂರಿ ಎಣ್ಣೆ ಕುಡಿಯುತ್ತದೆ, ಬದನೆಕಾಯಿಯೂ ಕುಡಿಯುತ್ತದೆ. ಎಣ್ಣೆಯನ್ನು ತಿನ್ನುವ ಪೂರಿಯನ್ನು ನಾನು ಕೇಳಿಲ್ಲ. ಹಾಗಾದರೆ ಎಂಜಿನ್ನಿಗೆ ಮಾತ್ರ ಬೇರೆ ಕ್ರಿಯಾಪದ ಏಕೆ?

ನನ್ನ ಊಹೆ ಹೀಗಿದೆ. ಪೆಟ್ರೋಲ್ ಇರುವುದೇ ಉರಿದುಹೋಗಲು. ಗಾಡಿ ಅದನ್ನು ಹೆಚ್ಚು ಬಳಸಿದರೆ ಅದು ಅತಿಯಾಯಿತು ಅಷ್ಟೇ, ಅನ್ಯಾಯವಲ್ಲ. ಆಯಿಲ್ ಹಾಗಲ್ಲ. ಅದು ಒಳಗೆ ಸುತ್ತಾಡಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೇ (ಸಂಪ್) ಮರಳಿ ಇಳಿಯಬೇಕು. ಅದನ್ನು ತಡೆಯುವ ಪಿಸ್ಟನ್ ರಿಂಗ್ ಸವೆದರೆ ಅಥವಾ ವಾಲ್ವಿನ ಆಯಿಲ್ ಸೀಲ್ ಗಟ್ಟಿಯಾದರೆ ಅದು ಸಿಲಿಂಡರಿಗೆ ನುಗ್ಗಿ ಸುಟ್ಟುಹೋಗುತ್ತದೆ. ಮುಟ್ಟಬಾರದ್ದನ್ನು ಮುಟ್ಟಿ ಮುಗಿಸುವುದಕ್ಕೆ ನಮ್ಮಲ್ಲಿ ‘ತಿನ್ನು’ ಎಂಬ ಮಾತು ಮೊದಲೇ ಇದೆ: ಲಂಚ ತಿನ್ನುತ್ತಾರೆ, ಸಂಘದ ದುಡ್ಡು ತಿನ್ನುತ್ತಾರೆ. ಗೆದ್ದಲು ಮಾಡಿನ ಮರದ ಪಕಾಸು ತಿನ್ನುತ್ತದೆ. ನಮ್ಮ ಕಡಲ ಗಾಳಿಗೆ ಕಾರಿನ ತಳದ ತಗಡನ್ನು ತುಕ್ಕು ತಿನ್ನುತ್ತದೆ. ಮೆಕ್ಯಾನಿಕ್ ಆ ಸಾಲಿನಿಂದಲೇ ಮಾತನ್ನು ಎತ್ತಿಕೊಂಡಿರಬೇಕು. ಸೋರುವುದಕ್ಕೂ ತಿನ್ನುವುದಕ್ಕೂ ಅವರು ಗೆರೆ ಎಳೆಯುತ್ತಾರೆ. ಸೋರಿದರೆ ನೆಲದಲ್ಲಿ ಕಲೆ ಕಾಣುತ್ತದೆ, ತಿಂದರೆ ಹೊಗೆ. ರೋಗ ಎಲ್ಲಿದೆ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಇದು ನನಗೆ ಬಹಳ ಇಷ್ಟವಾಯಿತು.

ಊಹೆಗೆ ತೊಡಕೂ ಇದೆ. ಸಿಲಿಂಡರಿನ ಮೇಲ್ಭಾಗವನ್ನು ಬಿಗಿಯಾಗಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋದಾಗ ರೇಡಿಯೇಟರಿನ ನೀರು ಸಿಲಿಂಡರಿಗೆ ಸೇರಿ ಬಿಳಿ ಹೊಗೆ ಬರುತ್ತದಲ್ಲ, ಅದಕ್ಕೆ ಅದೇ ಮೆಕ್ಯಾನಿಕ್ “ನೀರು ಕುಡಿಯುತ್ತದೆ” ಎನ್ನುತ್ತಾರೆ. ನೀರೂ ಖರ್ಚಾಗಬಾರದ ವಸ್ತುವೇ. ‘ನೀರು’ ಮತ್ತು ‘ಕುಡಿ’ಯ ಹಳೆಯ ನಂಟು ಇಲ್ಲಿ ಗೆದ್ದಿತೇ? ಇನ್ನು “ಟಯರ್ ಒಳಬದಿ ತಿನ್ನುತ್ತಿದೆ” ಎಂಬ ವಾಕ್ಯದಲ್ಲಿ ಕರ್ತೃ ಯಾರು? ತಿನ್ನುತ್ತಿರುವುದು ಟಯರ್ ಅಲ್ಲ, ಚಕ್ರಗಳ ಅಲೈನ್‌ಮೆಂಟ್ ತಪ್ಪಿದ ಗಾಡಿ ಎಂದು ನಾನು ಬಿಡಿಸಿಕೊಂಡಿದ್ದೇನೆ.

ಮೆಕ್ಯಾನಿಕ್ ಮನೆಮಾತು ತುಳು. ತಮ್ಮ ಹುಡುಗನಿಗೆ ಅವರು “ಆಯಿಲ್ ತಿನ್ಪುಂಡು” ಎಂದೇ ಹೇಳಿದರು. ಹಾಗೆಂದು ಇದನ್ನು ತುಳುವಿನಿಂದ ಬಂದದ್ದೆಂದು ತೀರ್ಮಾನಿಸಲು ನನಗೆ ಧೈರ್ಯವಿಲ್ಲ. ‘ತಿನ್’ ಎರಡೂ ಭಾಷೆಗಳ ಸ್ವಂತ ಆಸ್ತಿ. ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಮೋಟಾರು ಗಾಡಿಯ ಮಾತನ್ನು ಅದರಲ್ಲಿ ಹುಡುಕುವಂತಿಲ್ಲ.

ಕಾರಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಮೂರರಲ್ಲೂ ಸರಿಯಿತ್ತು, ಆದ್ದರಿಂದ ರಿಂಗ್ ಮುಟ್ಟಲಿಲ್ಲ. ವಾಲ್ವ್ ಸೀಲ್ ಬದಲಾಯಿಸಿ, ಆಯಿಲ್ ಮೆತ್ತಿ ಕಪ್ಪಾಗಿದ್ದ ಸ್ಪಾರ್ಕ್ ಪ್ಲಗ್ ತೆಗೆದು ಹೊಸದು ಹಾಕಿದರು. ಪ್ಲಗ್ ಕಿಡಿ ಕೊಡದೆ ಮೂರರಲ್ಲಿ ಒಂದು ಸಿಲಿಂಡರ್ ದುಡಿಯದಿದ್ದರೆ ಘಾಟಿ ಹತ್ತುವುದು ಹೇಗೆ! ಈಗ ಎಳೆತ ಚೆನ್ನಾಗಿದೆ.

ಶಿವಮೊಗ್ಗ, ಧಾರವಾಡ, ಮೈಸೂರು, ಕಲಬುರಗಿಯ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಗ್ಯಾರೇಜುಗಳಲ್ಲಿ ಎಂಜಿನ್ ಆಯಿಲನ್ನು ತಿನ್ನುತ್ತದೆಯೋ ಕುಡಿಯುತ್ತದೆಯೋ? ನೀರಿಗೆ ಯಾವ ಮಾತು? ‘ಸುಡುತ್ತದೆ’ ಎನ್ನುವವರೂ ಇದ್ದಾರೆಯೇ?