ಮೆಟ್ರೋಗೆ ಮನೆಯ ಮುಂಭಾಗ ಹೋಗುತ್ತಿದೆ: ಒಡೆಯುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಬೆಂಗಳೂರು ಹೊರ ವರ್ತುಲ ರಸ್ತೆ ಬದಿ, ಮೆಟ್ರೋ ಮೂರನೇ ಹಂತದ ಜೆ.ಪಿ. ನಗರ – ಕೆಂಪಾಪುರ ಮಾರ್ಗದಲ್ಲಿ ಕಟ್ಟಡವಿದೆ. ನೆಲಮಹಡಿ ಮೇಲೆ ಎರಡು ಅಂತಸ್ತು, ಕಾಲಮ್-ಬೀಮ್ ಕಟ್ಟಡ, ಅಗಲ 30 ಅಡಿ. ರಸ್ತೆ ಕಡೆಯಿಂದ 12 ಅಡಿ ಹೋಗುತ್ತದೆಂದು ಬಣ್ಣದ ಗೆರೆ ಹಾಕಿದ್ದಾರೆ. ಎರಡನೇ ಸಾಲಿನ ಕಾಲಮ್ 15 ಅಡಿ ಒಳಗಿದೆ. ಗೆರೆಗೆ ಸರಿಯಾಗಿ ಒಡೆದು ಗೋಡೆ ಎಬ್ಬಿಸಿದರೆ ಸಾಕು ಅಂತಾನೆ ಮೇಸ್ತ್ರಿ. ಗೊತ್ತಿದ್ದವರು ಹೇಳಿ.

ಸ್ಟ್ರಕ್ಚರಲ್ ಎಂಜಿನಿಯರ್:
ಸಾಲದು. ಭೂಮಿ ಬಿಟ್ಟುಕೊಡುವ ಗೆರೆ ಬೇರೆ, ಕಟ್ಟಡ ಕತ್ತರಿಸುವ ಗೆರೆ ಬೇರೆ. ಮೊದಲ ಸಾಲಿನ ಕಾಲಮ್ ಹೋದ ಮೇಲೆ 12 ಅಡಿಗೆ ಕತ್ತರಿಸಿದರೆ ಎರಡನೇ ಸಾಲಿನಿಂದ 3 ಅಡಿ ಬೀಮ್ ಗಾಳಿಯಲ್ಲಿ ಚಾಚಿ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಮೇಲ್ಗಡೆ ಕಂಬಿ. ಕಾಲಮ್ ಹತ್ತಿರ ಮೇಲ್ಗಂಬಿ ಇರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಸ್ಪ್ಯಾನಿನ (ಎರಡು ಕಾಲಮ್ ನಡುವಿನ ಅಂತರದ) ಕಾಲು ಭಾಗ ದಾಟಿದ ಮೇಲೆ ಅದನ್ನು ನಿಲ್ಲಿಸಿರುತ್ತಾರೆ. ಅಂಥ ತುದಿಯ ಮೇಲೆ ಇಟ್ಟಿಗೆ ಗೋಡೆ ಕೂರಿಸುವುದು ಅಪಾಯ. 3 ಅಡಿ ಹೋದರೂ ಚಿಂತೆಯಿಲ್ಲ, ಎರಡನೇ ಸಾಲಿನ ಕಾಲಮ್ ಮುಖಕ್ಕೇ ನಿಲ್ಲಿಸಿ.

ಯಾರೂ ಗಮನಿಸದ ಇನ್ನೊಂದು ಮಾತು: ಈವರೆಗೆ ಒಳಗಿದ್ದ ಸ್ಪ್ಯಾನ್ ಇನ್ನು ಮೇಲೆ ಕೊನೆಯ ಸ್ಪ್ಯಾನ್. ಐಎಸ್ 456ರ (ಕಾಂಕ್ರೀಟ್ ಕಟ್ಟಡದ ಭಾರತೀಯ ಮಾನಕ) ಲೆಕ್ಕದಲ್ಲಿ ಡೆಡ್ ಲೋಡಿಗೆ, ಅಂದರೆ ಕಟ್ಟಡದ ಸ್ವಂತ ಭಾರಕ್ಕೆ, ಅದರ ನಡುಮಧ್ಯದ ಬೆಂಡಿಂಗ್ ಮೊಮೆಂಟ್ (ಬೀಮನ್ನು ಬಗ್ಗಿಸುವ ಒತ್ತಡ) ಗುಣಾಂಕ 1/16 ಇದ್ದದ್ದು 1/12 ಆಗುತ್ತದೆ, ಅಂದರೆ ಮೂರನೇ ಒಂದು ಪಾಲು ಹೆಚ್ಚು. ಕೆಳಗಂಬಿ ಅದಕ್ಕೆ ಸಾಕೇ ಎಂದು ಕಾಂಕ್ರೀಟ್ ಒಳಗಿನ ಕಂಬಿ ಪತ್ತೆಹಚ್ಚುವ ರೀಬಾರ್ ಸ್ಕ್ಯಾನರ್ ಹಿಡಿಸಿ ನೋಡಲೇಬೇಕು. ಸಾಲದಿದ್ದರೆ ಬೀಮ್ ಕೆಳಗೆ ಜಾಕೆಟಿಂಗ್ (ಹೊಸ ಕಂಬಿ-ಕಾಂಕ್ರೀಟಿನ ಹೊದಿಕೆ) ಅಥವಾ ಉಕ್ಕಿನ ಐ-ಸೆಕ್ಷನ್ (I ಆಕಾರದ ತೊಲೆ) ಕೊಡಿಸಿ. ಒಡೆಯುವಾಗ ಕಾಂಕ್ರೀಟ್ ತೆಗೆದರೂ ಬೀಮ್ ಕಂಬಿಯನ್ನು ಎರಡಡಿ ಉಳಿಸಿ, ಮಡಚಿ ಕಾಲಮ್ ಜಾಕೆಟಿನೊಳಗೆ ಸೇರಿಸಬೇಕು. ಗುಜರಿ ಆಸೆಗೆ ಗ್ಯಾಸ್ ಕಟ್ಟರ್‌ನಿಂದ ಮಟ್ಟಸವಾಗಿ ಕತ್ತರಿಸಿಬಿಟ್ಟರೆ ಆಮೇಲೆ ಹಿಡಿತ ಕೊಡಲು ಏನೂ ಉಳಿಯುವುದಿಲ್ಲ.

ಒಡೆಯುವ ಕೆಲಸದ ಕಂಟ್ರಾಕ್ಟರ್:
ಮೇಲಿನ ಮಾತು ಸರಿ. ಕೆಲಸದ ಕ್ರಮ ಸೇರಿಸುತ್ತೇನೆ. ಮೊದಲು ಜಾಕ್, ಆಮೇಲೆ ಕಟಿಂಗ್. ಉಳಿಯುವ ಭಾಗದಲ್ಲಿ ಕಟ್ ಗೆರೆ ಪಕ್ಕಕ್ಕೇ ಮೂರೂ ಮಹಡಿಗೆ ಪ್ರಾಪ್ (ಆನಿಕೆ ಕೊಡುವ ಜಾಕ್ ಕಂಬ) ಸಾಲು ಬೇಕು. ಮೇಲಿನ ಪ್ರಾಪ್ ಕೆಳಗಿನ ಪ್ರಾಪಿನ ನೇರಕ್ಕೇ ನಿಲ್ಲಬೇಕು. ಬಳಿಕ ಡೈಮಂಡ್ ಸಾ ಹಾಕಿ ಸ್ಲ್ಯಾಬನ್ನು ಪೂರ್ತಿ ದಪ್ಪಕ್ಕೆ ಸೀಳಿ, ಉಳಿಯುವ ಭಾಗದಿಂದ ಬೇರ್ಪಡಿಸಿ. ಬೀಮಿಗೆ ಸಾ ಹಾಕುವ ಜಾಗ ರಸ್ತೆ ಕಡೆಗೆ ಎರಡಡಿ ಮುಂದೆ. ಆ ಎರಡಡಿ ಕಾಂಕ್ರೀಟನ್ನು ಕೊನೆಗೆ ಕೈ ಬ್ರೇಕರ್‌ನಿಂದ ಬಿಡಿಸಿದರೆ ಕಂಬಿ ಉಳಿಯುತ್ತದೆ. ಸೀಳದೆ ಜೆಸಿಬಿ ಬ್ರೇಕರ್ ಹೊಡೆದರೆ ಅದುರು ಕಂಬಿ ಹಿಡಿದು ಒಳಗಿನವರೆಗೆ ಓಡಿ ಬಿರುಕು ಬಿಡಿಸುತ್ತದೆ.

ಕೆಡವುವುದು ಮೇಲಿನಿಂದ ಕೆಳಕ್ಕೆ: ಓವರ್‌ಹೆಡ್ ಟ್ಯಾಂಕ್ ಖಾಲಿ ಮಾಡಿ ಇಳಿಸಿ, ಕಿಟಕಿ-ಬಾಗಿಲು ಬಿಚ್ಚಿ, ಪ್ಯಾರಾಪೆಟ್ ಒಳಮುಖವಾಗಿ ಬೀಳಿಸಿ. ಸಜ್ಜಾ ವಿಷಯದಲ್ಲಿ ಎಚ್ಚರ. ಸಜ್ಜಾ ನಿಂತಿರುವುದು ಅದರ ಮೇಲಿನ ಗೋಡೆಯ ಭಾರದಿಂದ. ಗೋಡೆ ಮೊದಲು ಬಿಚ್ಚಿದರೆ ಲಿಂಟಲ್ ಸಮೇತ ಮಗುಚಿ ಫುಟ್‌ಪಾತಿಗೆ ಬೀಳುತ್ತದೆ. ಮೊದಲು ಸಜ್ಜಾ, ನಂತರ ಗೋಡೆ.

ಡೆಬ್ರಿಸ್ ಸ್ಲ್ಯಾಬ್ ಮೇಲೆ ಗುಡ್ಡೆ ಹಾಕಬೇಡಿ. ಮನೆಯ ಸ್ಲ್ಯಾಬಿಗೆ ಲೈವ್ ಲೋಡ್ (ಜನ, ಸಾಮಾನಿನ ಭಾರ) ಚದರ ಮೀಟರಿಗೆ ಸುಮಾರು 200 ಕೆ.ಜಿ. ಅರ್ಧ ಅಡಿ ಎತ್ತರದ ಡೆಬ್ರಿಸ್ ಅಷ್ಟೇ ತೂಗುತ್ತದೆ. ಮೊಣಕಾಲೆತ್ತರ ಗುಡ್ಡೆ ಬಿದ್ದಿರುವಾಗಲೇ ಪಕ್ಕದಲ್ಲಿ ಬ್ರೇಕರ್ ಹೊಡೆದರೆ ಮಹಡಿ ಮೇಲೆ ಮಹಡಿ ಕುಸಿಯುತ್ತದೆ. ದಿನದ್ದು ದಿನಕ್ಕೇ ಇಳಿಸಿ.

ಪ್ರಶ್ನೆ ಕೇಳಿದವರು: ಡೆಬ್ರಿಸ್ ಎಷ್ಟು ಲಾರಿ ಲೋಡ್ ಆಗಬಹುದು? ಕಬ್ಬಿಣ ಯಾರಿಗೆ?

ಕ್ವಾಂಟಿಟಿ ಸರ್ವೇಯರ್:
15 × 30 ಅಡಿ, ಮೂರು ಮಹಡಿ ಅಂದರೆ 1,350 ಚದರಡಿ, ಸುಮಾರು 125 ಚ.ಮೀ. ಪಕ್ಕಾ ಕಟ್ಟಡಕ್ಕೆ ಚ.ಮೀ.ಗೆ 500 ಕೆ.ಜಿ. ಹಿಡಿದರೆ 60 ಟನ್ ದಾಟುತ್ತದೆ, ಪಾಯ ಬೇರೆ. ಸಡಿಲವಾಗಿ ತುಂಬಿದಾಗ 1,600 ಘನ ಅಡಿ, ಅಂದರೆ 16 ಯೂನಿಟ್ (ಯೂನಿಟ್ ಎಂದರೆ 100 ಘನ ಅಡಿ). ಹತ್ತು ಚಕ್ರದ ಟಿಪ್ಪರ್‌ಗೆ ನಾಲ್ಕು ಲೋಡ್. ಇಟ್ಟಿಗೆ, ಕಾಂಕ್ರೀಟ್, ಮರ ಬೇರೆ ಬೇರೆ ಮಾಡಿಸಿ. ಸಂಸ್ಕರಣಾ ಘಟಕಕ್ಕೆ ಹೋದ ತೂಕದ ಚೀಟಿ ತೋರಿಸಿದರೇ ಲೋಡಿನ ಹಣ ಎಂದು ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ ಬರೆದುಕೊಳ್ಳಿ. ಇಲ್ಲವಾದರೆ ನಿಮ್ಮ ಮನೆ ರಾತ್ರೋರಾತ್ರಿ ಯಾವುದೋ ಕೆರೆಯಂಗಳಕ್ಕೋ ರಾಜಕಾಲುವೆಗೋ ಬೀಳುತ್ತದೆ. ಕಬ್ಬಿಣ, ತೇಗದ ಬಾಗಿಲು, ಗ್ರಿಲ್ ಯಾರಿಗೆ ಎಂಬುದೂ ಆ ಕರಾರಿನಲ್ಲೇ ಬರಲಿ. ಪರಿಹಾರದ ಲೆಕ್ಕದಲ್ಲಿ ಹಳೆ ಸಾಮಾನಿನ ಬೆಲೆ ಕಳೆದಿದ್ದಾರೋ ಇಲ್ಲವೋ ಮೊದಲು ನೋಡಿ.

ವಿದ್ಯುತ್-ಪ್ಲಂಬಿಂಗ್ ಕೆಲಸದವರು:
ಫ್ಯೂಸ್ ಕಿತ್ತರೆ ಸಾಲದು, ಬೆಸ್ಕಾಂನವರು ಕಂಬದಲ್ಲೇ ಸರ್ವಿಸ್ ಬಿಚ್ಚಬೇಕು. ಜಲಮಂಡಳಿ ಮೀಟರ್ ಸಾಮಾನ್ಯವಾಗಿ ಮುಂಭಾಗದಲ್ಲೇ ಇರುತ್ತದೆ. ಸ್ಥಳಾಂತರಕ್ಕೆ ಮೊದಲೇ ಅರ್ಜಿ ಕೊಡಿ. ಯುಜಿಡಿ (ಒಳಚರಂಡಿ) ಚೇಂಬರ್ ಬಾಯಿಗೆ ಮರಳಿನ ಮೂಟೆ ತುರುಕಿ, ಮೇಲೆ ಹಲಗೆ ಮುಚ್ಚಿ. ಒಂದು ಬುಟ್ಟಿ ಗಾರೆ ಇಳಿದರೆ ಇಡೀ ಬೀದಿಯ ಲೈನ್ ಕಟ್ಟಿಕೊಳ್ಳುತ್ತದೆ. ಮುಂದಿನ ಸಂಪ್ ಗೆರೆಯೊಳಗಿದ್ದರೆ ಡೆಬ್ರಿಸ್ ತುಂಬಿಸಬೇಡಿ. ತಳ ಒಡೆದು, ಮಣ್ಣನ್ನು ಅರ್ಧರ್ಧ ಅಡಿ ಪದರವಾಗಿ ದಮ್ಮಸ್ಸು ಮಾಡಿಸಿ. ಬೋರ್‌ವೆಲ್, ಹಳೆ ಬಾವಿ ಇದ್ದರೆ ನಕ್ಷೆಯಲ್ಲಿ ಗುರುತಿಸಿ ಕೊಡಿ, ಮೆಟ್ರೋ ಕಂಬದ ಪಾಯಕ್ಕೆ ಪೈಲ್ ಕೊರೆಯುವವರಿಗೆ ಅದು ಗೊತ್ತಿರಲೇಬೇಕು. ಕಲ್ನಾರು ಶೀಟ್ ಇದ್ದರೆ ಒಡೆಯದೆ, ನೀರು ಹಾಕುತ್ತ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.

ಸ್ಟ್ರಕ್ಚರಲ್ ಎಂಜಿನಿಯರ್:
ಪಾಯದ ಮಾತು ಬಂದಿಲ್ಲ, ಸೇರಿಸುತ್ತೇನೆ. ಎರಡನೇ ಸಾಲಿನ ಫೂಟಿಂಗ್ (ಕಾಲಮ್ ಕೆಳಗಿನ ಪಾಯ) 5 ಅಡಿ ಚೌಕವಿದ್ದರೆ ಕಾಲಮ್‌ನಿಂದ ಮುಂದಕ್ಕೆ ಎರಡೂವರೆ ಅಡಿ ಚಾಚಿರುತ್ತದೆ, ಗೆರೆಗೆ ಉಳಿಯುವುದು ಅರ್ಧ ಅಡಿ. ಪೈಪ್, ಕೇಬಲ್ ಸ್ಥಳಾಂತರಕ್ಕೆ ಗೆರೆ ಪಕ್ಕದಲ್ಲೇ ಟ್ರೆಂಚ್ ತೋಡುವ ಸಾಧ್ಯತೆ ಇದೆ. ಫೂಟಿಂಗ್ ತಳ 5 ಅಡಿ, ಟ್ರೆಂಚ್ 8 ಅಡಿ ಆದರೆ, ಐಎಸ್ 1904ರ (ಪಾಯದ ಭಾರತೀಯ ಮಾನಕ) ಎರಡಕ್ಕೆ ಒಂದು ಇಳಿಜಾರಿನ, ಅಂದರೆ ಅಡ್ಡ ಎರಡಕ್ಕೆ ಆಳ ಒಂದರ, ಲೆಕ್ಕದಲ್ಲಿ ನಡುವೆ 6 ಅಡಿ ಅಂತರ ಬೇಕು. ಅಷ್ಟು ಜಾಗ ಅಲ್ಲಿಲ್ಲ. ಹಾಗಾಗಿ ಜಂಟಿ ತಪಾಸಣೆ ದಿನವೇ ಫೂಟಿಂಗ್ ಪಕ್ಕ ಒಂದು ಗುಂಡಿ ಕೈಯಲ್ಲೇ ತೋಡಿಸಿ, ಅಳತೆ ಬರೆಸಿ, ಆ ಭಾಗದಲ್ಲಿ ಶೀಟ್ ಪೈಲ್ (ನೆಲಕ್ಕೆ ಹೊಡೆಯುವ ಉಕ್ಕಿನ ತಗಡು) ಅಥವಾ ಗಟ್ಟಿ ಶೋರಿಂಗ್ (ಮಣ್ಣು ಕುಸಿಯದಂತೆ ಆನಿಕೆ) ಇಲ್ಲದೆ 5 ಅಡಿಗಿಂತ ಆಳ ಹೋಗಬಾರದೆಂದು ಮಹಜರಿನಲ್ಲಿ ನಮೂದಿಸಿ ಸಹಿ ಹಾಕಿಸಿಕೊಳ್ಳಿ.